ಸ್ಫೋಟದ ಅಪಾಯವಿರುವ ಸ್ಥಳಗಳಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ವಿದ್ಯುತ್ ಪೆಟ್ಟಿಗೆಗಳ ಆಯ್ಕೆ

(ಹಾರೋಹಳ್ಳಿಯಲ್ಲಿ ನಡೆದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಐಟಿಐ ಹಾಗೂ ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

 

ಉರ್ದು ಮತ್ತು ಕನ್ನಡ ಪಾಠ ಹೇಳುವ ಮೇಷ್ಟ್ರಿಗೂ ಟ್ರಾನ್ಸ್‌ಫಾರ್ಮರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಶಾಲೆಯಲ್ಲಿ ಓದಿ, ಐಟಿಐ ಮುಗಿಸಿದ ಹುಡುಗನೊಬ್ಬ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರರ ಕೆಳಗೆ ಎಲೆಕ್ಟ್ರಿಷಿಯನ್ ಹೆಲ್ಪರ್ ಆಗಿ ಸೇರಿದ. ದ್ರಾವಕ ತುಂಬಿದ ಡ್ರಮ್ಮುಗಳಿದ್ದ ಕೋಣೆಯಲ್ಲಿ ಗೋಡೆಗೆ ಒಂದು ದಪ್ಪ ಅಲ್ಯುಮಿನಿಯಂ ಪೆಟ್ಟಿಗೆ. ಅದರೊಳಗೆ ದೀಪಗಳಿಗೆ ಕಡಿಮೆ ವೋಲ್ಟೇಜ್ ಕೊಡುವ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್. ಇನ್ನೊಂದು ಕೇಬಲ್ ಒಳಗೆ ತರಬೇಕಿತ್ತು, ತೂತು ಇರಲಿಲ್ಲ. "ಕೊರೆದು ಹಾಕಪ್ಪ" ಎಂದರು. ಇವನು ಕೊರೆದ. ಆರು ತಿಂಗಳಾದ ಮೇಲೆ ತಪಾಸಣೆಗೆ ಬಂದವರು ಆ ತೂತನ್ನು ನೋಡಿ ಕೂಡಲೇ ಆ ಕೋಣೆಯ ಕರೆಂಟು ತೆಗೆಸಿದರಂತೆ. ಹುಡುಗ ನನ್ನ ಬಳಿ ಬಂದು, "ಸರ್, ಆರು ತಿಂಗಳು ಏನೂ ಆಗಲಿಲ್ಲ. ಒಂದು ತೂತಿಗೆ ಅಷ್ಟೊಂದು ಗಲಾಟೆ ಯಾಕೆ?" ಎಂದು ಕೇಳಿದ. ಮೊಬೈಲಿನಲ್ಲಿ ಆ ಪೆಟ್ಟಿಗೆಯ ಮೇಲಿದ್ದ ಲೋಹದ ಫಲಕದ ಚಿತ್ರ ತೋರಿಸಿ, "ಇದರಲ್ಲಿ ಏನು ಬರೆದಿದೆ, ಓದಿ ಹೇಳಿ" ಎಂದ. ಅಕ್ಷರಗಳು ಓದಲು ಬಂದವು, ಅರ್ಥ ಬರಲಿಲ್ಲ. ಓದು ಕಲಿಸುವವನಿಗೆ ಓದಲು ಬಾರದ ಬರಹ ಅದು. ಅಂದಿನಿಂದ ಎಂಜಿನಿಯರುಗಳನ್ನು ಕೇಳಿ, ಪುಸ್ತಕ ಹಿಡಿದು ಕಲಿತದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಇದು ನಮ್ಮ ಊರಿಗೆ ಬೇಕಾದ ವಿಷಯ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಮಾಡಿದ ಮೇಲೆ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಕೆಲಸಕ್ಕೆ ಇಲ್ಲಿಗೆ ಬರುತ್ತಾರೆ. ಎಲ್ಲ ಕಾರ್ಖಾನೆಗಳಲ್ಲಿ ಸ್ಫೋಟದ ಭಯವಿಲ್ಲ. ಆದರೆ ಬಣ್ಣ, ಥಿನ್ನರ್, ಸ್ಪಿರಿಟ್, ಅಂಟು, ಅಡುಗೆ ಅನಿಲ, ಹಿಟ್ಟು, ಸಕ್ಕರೆ ಪುಡಿ, ಮರದ ಪುಡಿ ಇರುವ ಕಡೆಗಳಲ್ಲೆಲ್ಲ ಈ ಪಾಠ ಬೇಕು.

ಅಡುಗೆ ಮನೆಯಿಂದ ಆರಂಭಿಸೋಣ

ತಾಯಂದಿರಿಗೆ ಗೊತ್ತಿರುವ ಸಂಗತಿಯಿಂದಲೇ ಹೊರಡೋಣ. ಸಿಲಿಂಡರ್ ಸೋರಿದ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬಾರದು ಎಂದು ಎಲ್ಲರೂ ಹೇಳುತ್ತಾರೆ. ಏಕೆ? ಬೆಂಕಿಗೆ ಮೂರು ಸೇರಬೇಕು: ಉರಿಯುವ ವಸ್ತು, ಗಾಳಿ, ಕಿಡಿ ಅಥವಾ ಶಾಖ. ಗಾಳಿ ಎಲ್ಲೆಲ್ಲೂ ಇದೆ, ಅನಿಲ ಸೋರಿದೆ, ಉಳಿದದ್ದು ಕಿಡಿ ಒಂದೇ. ಸ್ವಿಚ್ ಒಳಗೆ ಎರಡು ತುಂಡು ಲೋಹ ಕೂಡುವಾಗಲೂ ಬಿಡುವಾಗಲೂ ಕಿಡಿ ಹಾರುತ್ತದೆ.

ಆದರೆ ಅನಿಲ ಗಾಳಿಯಲ್ಲಿ ಒಂದು ಪ್ರಮಾಣದಲ್ಲಿ ಬೆರೆತಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಅಡುಗೆ ಅನಿಲ ಗಾಳಿಯಲ್ಲಿ ಸುಮಾರು ಶೇ. 2ರಿಂದ ಶೇ. 9ರ ನಡುವೆ ಇದ್ದಾಗ ಹೊತ್ತುತ್ತದೆ. ಅದಕ್ಕಿಂತ ಕಡಿಮೆಯಾದರೂ ಇಲ್ಲ, ಹೆಚ್ಚಾದರೂ ಇಲ್ಲ. ಜಲಜನಕಕ್ಕೆ ಈ ಮಿತಿ ಶೇ. 4ರಿಂದ ಶೇ. 75. ಎಂದರೆ ಅದು ಹೆಚ್ಚುಕಡಿಮೆ ಹೇಗೆ ಬೆರೆತರೂ ಅಪಾಯವೇ. ಕಿಡಿಯೂ ದೊಡ್ಡದಿರಬೇಕಾಗಿಲ್ಲ. ಅಡುಗೆ ಅನಿಲದ ಒಂದು ಮುಖ್ಯ ಭಾಗವಾದ ಪ್ರೊಪೇನ್ ಹೊತ್ತಲು ಒಂದು ಜೂಲ್‌ನ ನಾಲ್ಕು ಸಾವಿರದಲ್ಲಿ ಒಂದು ಪಾಲು ಶಕ್ತಿ ಸಾಕು. ಜಲಜನಕಕ್ಕೆ ಅದರ ಹತ್ತನೇ ಒಂದು ಪಾಲೂ ಬೇಡ. ಚಳಿಗಾಲದಲ್ಲಿ ನೈಲಾನ್ ಬಟ್ಟೆ ತೆಗೆಯುವಾಗ ಚಟಚಟ ಎನ್ನುವ ಕಿಡಿಯಲ್ಲೇ ಇದಕ್ಕಿಂತ ಹೆಚ್ಚು ಶಕ್ತಿ ಇರಬಲ್ಲದು.

ಈಗ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಆರು ತಿಂಗಳು ಏನೂ ಆಗಲಿಲ್ಲ, ಏಕೆಂದರೆ ಆ ಆರು ತಿಂಗಳು ಆವಿ, ಕಿಡಿ, ತೂತು ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬರಲಿಲ್ಲ. ಪೆಟ್ಟಿಗೆಯನ್ನು ಮಾಡಿರುವುದು ಕೂಡಿಬರುವ ಆ ಒಂದು ಗಳಿಗೆಗಾಗಿ.

ಮೊದಲ ಪ್ರಶ್ನೆ: ಎಲ್ಲಿ ಇಡುತ್ತೀರಿ?

ಆಯ್ಕೆ ಅಂಗಡಿಯಲ್ಲಿ ಆರಂಭವಾಗುವುದಿಲ್ಲ, ಸ್ಥಳದಲ್ಲಿ ಆರಂಭವಾಗುತ್ತದೆ. ಸ್ಫೋಟದ ಅಪಾಯವಿರುವ ಜಾಗವನ್ನು ತಿಳಿದವರು ಮೂರು ವಲಯಗಳಾಗಿ ವಿಂಗಡಿಸುತ್ತಾರೆ. ಆವಿ ಸದಾ ಅಥವಾ ಬಹುಕಾಲ ಇರುವ ಜಾಗ, ಉದಾಹರಣೆಗೆ ಪೆಟ್ರೋಲ್ ಟ್ಯಾಂಕಿನ ಒಳಭಾಗ, ವಲಯ 0. ದಿನನಿತ್ಯದ ಕೆಲಸದಲ್ಲಿ ಆವಿ ಬರುವ ಸಂಭವವಿರುವ ಜಾಗ, ಉದಾಹರಣೆಗೆ ದ್ರಾವಕ ಸುರಿಯುವ ಬಾಯಿಯ ಸುತ್ತ, ವಲಯ 1. ಸಾಮಾನ್ಯವಾಗಿ ಆವಿ ಇರದೆ, ಏನಾದರೂ ಕೆಟ್ಟಾಗ ಸ್ವಲ್ಪ ಹೊತ್ತು ಮಾತ್ರ ಬರುವ ಜಾಗ ವಲಯ 2. ಪುಡಿಗೆ ಇದೇ ರೀತಿ 20, 21, 22 ಎಂಬ ವಲಯಗಳಿವೆ. ನಮ್ಮ ದೇಶದಲ್ಲಿ ಈ ವಿಂಗಡಣೆಗೆ ಐಎಸ್ 5572 ಎಂಬ ಮಾನಕವಿದೆ. ಕಾರ್ಖಾನೆಯ ನಕ್ಷೆಯ ಮೇಲೆ ಈ ವಲಯಗಳನ್ನು ಗುರುತಿಸಿ ಇಟ್ಟಿರಬೇಕು. ಆ ನಕ್ಷೆ ನೋಡದೆ ಪೆಟ್ಟಿಗೆ ಆರಿಸುವುದು, ಕಾಲು ಅಳೆಯದೆ ಚಪ್ಪಲಿ ತಂದಂತೆ.

ಟ್ರಾನ್ಸ್‌ಫಾರ್ಮರ್ ವಿಷಯದಲ್ಲಿ ಎಲ್ಲ ಎಂಜಿನಿಯರುಗಳೂ ಮೊದಲು ಹೇಳುವ ಮಾತು ಒಂದೇ: ಅದನ್ನು ಅಪಾಯದ ಜಾಗದಲ್ಲಿ ಇಡಲೇಬೇಡಿ. ನಾವು ಊರಲ್ಲಿ ಟಿ.ಸಿ. ಎನ್ನುವ, 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುವ ದೊಡ್ಡ ಟ್ರಾನ್ಸ್‌ಫಾರ್ಮರ್ ವಲಯಗಳ ಆಚೆ, ಬಯಲಲ್ಲಿ, ಗಾಳಿಯಾಡುವ ಕಡೆ ಇರಬೇಕು. ಎಷ್ಟು ಒಳ್ಳೆಯ ಪೆಟ್ಟಿಗೆ ಕೊಂಡರೂ ದೂರ ಇಡುವುದಕ್ಕೆ ಸಮವಲ್ಲ. ಅದು ಖರ್ಚಿನಲ್ಲೂ ಕಡಿಮೆ.

ದೂರ ಇಟ್ಟರೆ ಮುಗಿಯಲಿಲ್ಲ. ಪೆಟ್ರೋಲ್, ಥಿನ್ನರ್, ಅಸಿಟೋನ್, ಅಡುಗೆ ಅನಿಲ ಇವುಗಳ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ನೀರಿನಂತೆ ಹರಿದು ತಗ್ಗು ಸೇರುತ್ತದೆ. ಡ್ರಮ್ ಕೋಣೆಯಿಂದ ಟ್ರಾನ್ಸ್‌ಫಾರ್ಮರ್ ಕೋಣೆಗೆ ಹೋಗುವ ಕೇಬಲ್ ಕಾಲುವೆಯೇ ಆ ಆವಿಗೆ ದಾರಿಯಾಗುತ್ತದೆ. ಆದ್ದರಿಂದ ಕಾಲುವೆಯನ್ನು ಮರಳಿನಿಂದ ತುಂಬಬೇಕು, ಕೇಬಲ್ ಗೋಡೆ ದಾಟುವ ತೂತುಗಳನ್ನು ಸರಿಯಾಗಿ ಮುಚ್ಚಬೇಕು.

ಸ್ಥಳದ ಮಾತು ಎಷ್ಟು ಮುಖ್ಯ ಎಂಬುದಕ್ಕೆ ನೆರೆಯ ಆಂಧ್ರಪ್ರದೇಶದ ಒಂದು ನೋವಿನ ಉದಾಹರಣೆ ಇದೆ. 2024ರ ಆಗಸ್ಟ್ 21ರಂದು ಅನಕಾಪಲ್ಲಿ ಜಿಲ್ಲೆಯ ಅಚ್ಯುತಾಪುರಂ ವಿಶೇಷ ಆರ್ಥಿಕ ವಲಯದ ಔಷಧ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ 17 ಜನ ತೀರಿಕೊಂಡರು. ಅಧಿಕಾರಿಗಳು ಆಗ ನೀಡಿದ ವಿವರದ ಪ್ರಕಾರ, ಎಂಟಿಬಿಇ ಎಂಬ ದ್ರಾವಕವನ್ನು ಪಂಪ್ ಮಾಡುತ್ತಿದ್ದಾಗ ಅದು ಸೋರಿ, ಕೆಳಗಿದ್ದ ವಿದ್ಯುತ್ ಪ್ಯಾನೆಲ್ ಮೇಲೆ ಬಿದ್ದಿತು. ಸೊನ್ನೆಗಿಂತ ಬಹಳ ಕೆಳಗಿನ ತಾಪಮಾನದಲ್ಲೂ ಹೊತ್ತುವಷ್ಟು ಆವಿ ಬಿಡುವ ದ್ರಾವಕ ಅದು. ಮೇಲೆ ದ್ರಾವಕದ ಪೈಪು, ಕೆಳಗೆ ಪ್ಯಾನೆಲ್ ಎಂಬ ಜೋಡಣೆಯನ್ನು ನೀವು ಎಲ್ಲಿ ಕಂಡರೂ ಹಿರಿಯರ ಗಮನಕ್ಕೆ ತನ್ನಿ.

2009ರ ಅಕ್ಟೋಬರ್ 29ರಂದು ಜೈಪುರದ ಇಂಧನ ಡಿಪೋದಲ್ಲಿ ಪೆಟ್ರೋಲ್ ಸೋರಿ, ಒಂದು ಗಂಟೆಗೂ ಹೆಚ್ಚು ಹೊತ್ತು ಆವಿ ಹರಡಿ, ಆಮೇಲೆ ಸ್ಫೋಟವಾಯಿತು. ತನಿಖೆ ನಡೆಸಿದ ಎಂ.ಬಿ. ಲಾಲ್ ಸಮಿತಿ, ಆಡಳಿತ ಕಟ್ಟಡದಲ್ಲಿದ್ದ ಸಾಮಾನ್ಯ ವಿದ್ಯುತ್ ಉಪಕರಣದಿಂದ ಅಥವಾ ವಾಹನ ಚಾಲೂ ಮಾಡಿದಾಗ ಬಂದ ಕಿಡಿಯಿಂದ ಬೆಂಕಿ ಹೊತ್ತಿರಬಹುದು ಎಂದಿತು. ಕಚೇರಿಯಲ್ಲಿ ಯಾರೂ ಸ್ಫೋಟವನ್ನು ನೆನೆದು ಸ್ವಿಚ್ ಹಾಕಿಸುವುದಿಲ್ಲ. ಆವಿಯೇ ಕಚೇರಿಗೆ ನಡೆದು ಬಂದರೆ ಏನು ಮಾಡುವುದು ಎಂಬುದನ್ನೂ ಯೋಚಿಸಬೇಕು.

ಎರಡನೆಯ ಪ್ರಶ್ನೆ: ಯಾವ ಆವಿ?

ಹೊರಗಿಡಲು ಆಗದ ಸಣ್ಣ ಟ್ರಾನ್ಸ್‌ಫಾರ್ಮರುಗಳೂ ಇವೆ. ಕಂಟ್ರೋಲ್ ಸರ್ಕ್ಯೂಟಿಗೆ 110 ವೋಲ್ಟ್, ಕೈದೀಪಕ್ಕೆ 24 ವೋಲ್ಟ್ ಕೊಡುವಂಥವು. ಇವುಗಳಿಗೆ ವಿಶೇಷ ಪೆಟ್ಟಿಗೆ ಬೇಕು. ನಮ್ಮ ಎಲೆಕ್ಟ್ರಿಷಿಯನ್ನರು ಎಫ್‌ಎಲ್‌ಪಿ ಎನ್ನುತ್ತಾರಲ್ಲ, ಆ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅದು ಗಾಳಿ ಹೋಗದಂತೆ ಮುಚ್ಚಿದ ಪೆಟ್ಟಿಗೆ ಎಂದು ತಿಳಿಯುತ್ತಾರೆ. ಹಾಗಲ್ಲ. ಆವಿ ಒಳಗೆ ಹೋಗುತ್ತದೆ, ಒಳಗೆ ಕಿಡಿ ತಗುಲಿ ಸಣ್ಣ ಸ್ಫೋಟ ಆಗಲೂಬಹುದು ಎಂದು ಲೆಕ್ಕ ಹಾಕಿಯೇ ಅದನ್ನು ಮಾಡಿರುತ್ತಾರೆ. ಅದರ ಗೋಡೆ ಆ ಒತ್ತಡವನ್ನು ತಡೆಯುತ್ತದೆ. ಒಳಗಿನ ಬಿಸಿ ಅನಿಲ ಮುಚ್ಚಳದ ಅಂಚಿನ ಕಿರಿದಾದ, ಉದ್ದನೆಯ ಸಂದಿಯಿಂದ ಹೊರಬರುವಾಗ ಲೋಹಕ್ಕೆ ತಾಗಿ ತಣ್ಣಗಾಗಿ, ಹೊರಗಿನ ಆವಿಯನ್ನು ಹೊತ್ತಿಸುವ ಶಕ್ತಿ ಕಳೆದುಕೊಳ್ಳುತ್ತದೆ.

ಈ ತತ್ತ್ವ ಹೊಸದೇನಲ್ಲ. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕಲ್ಲಿದ್ದಲು ಗಣಿಯ ಕೆಲಸಗಾರರಿಗಾಗಿ ಒಂದು ದೀಪ ಮಾಡಿದ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ. ಗಣಿಯ ಅನಿಲ ಬಲೆಯೊಳಗೆ ಹೋಗಿ ಉರಿದರೂ ಜ್ವಾಲೆ ಬಲೆ ದಾಟುತ್ತಿರಲಿಲ್ಲ, ಲೋಹ ಶಾಖವನ್ನು ಹೀರಿಬಿಡುತ್ತಿತ್ತು. ನಿಮ್ಮ ಹತ್ತನೆಯ ತರಗತಿ ಮಟ್ಟದ ವಿಜ್ಞಾನವೇ ಇಂದಿನ ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಹಿಂದೆಯೂ ಇದೆ.

ಸಂದಿ ಎಷ್ಟು ಕಿರಿದಾಗಿರಬೇಕು ಎಂಬುದು ಆವಿಯ ಮೇಲೆ ನಿಂತಿದೆ. ಪರೀಕ್ಷಾಲಯದ ನಿಗದಿತ ಅಳತೆಯಲ್ಲಿ ಪ್ರೊಪೇನ್ ಜ್ವಾಲೆ ಸುಮಾರು 0.92 ಮಿಲಿಮೀಟರ್ ಸಂದಿಯವರೆಗೆ ದಾಟುವುದಿಲ್ಲ. ಎಥಿಲೀನ್‌ಗೆ ಅದು 0.65. ಜಲಜನಕಕ್ಕೆ ಕೇವಲ 0.29 ಮಿಲಿಮೀಟರ್. ಇದರ ಆಧಾರದ ಮೇಲೆ ಅನಿಲಗಳನ್ನು ಗುಂಪು ಮಾಡಿದ್ದಾರೆ. ಪ್ರೊಪೇನ್, ಪೆಟ್ರೋಲ್, ಅಸಿಟೋನ್, ಟಾಲ್ಯೂನ್ ಟೂ-ಎ ಗುಂಪು. ಎಥಿಲೀನ್, ಈಥರ್ ಟೂ-ಬಿ. ಜಲಜನಕ, ಅಸಿಟಿಲೀನ್ ಟೂ-ಸಿ. ಟೂ-ಸಿ ಪೆಟ್ಟಿಗೆಯನ್ನು ಟೂ-ಎ ಜಾಗದಲ್ಲಿ ಇಡಬಹುದು, ಟೂ-ಎ ಪೆಟ್ಟಿಗೆಯನ್ನು ಟೂ-ಸಿ ಜಾಗದಲ್ಲಿ ಇಡಬಾರದು. ಫೋರ್ಕ್‌ಲಿಫ್ಟಿನ ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ಜಲಜನಕ ಬರುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಉರ್ದು ಬರೆಯುವವರಿಗೆ ಗೊತ್ತು, ಒಂದೇ ಒಂದು ನುಕ್ತೆ ಹೆಚ್ಚಾದರೆ 'ದುಆ' ಹೋಗಿ 'ದಗಾ' ಆಗುತ್ತದೆ. ಕನ್ನಡದಲ್ಲಿ ಲಕಾರ ಳಕಾರವಾದರೆ 'ಕಲೆ' ಹೋಗಿ 'ಕಳೆ' ಆಗುತ್ತದೆ. ಫಲಕದ ಮೇಲಿನ ಎ, ಬಿ, ಸಿ ಅಕ್ಷರಗಳೂ ಅಂಥವೇ.

ಮೂರನೆಯ ಪ್ರಶ್ನೆ: ಎಷ್ಟು ಬಿಸಿಯಾಗುತ್ತದೆ?

ಕಿಡಿ ಇಲ್ಲದೆಯೂ ಬೆಂಕಿ ಹೊತ್ತಬಹುದು. ಕಾದ ಮೇಲ್ಮೈ ಸಾಕು. ಅದಕ್ಕಾಗಿ ಉಪಕರಣಗಳಿಗೆ ತಾಪಮಾನ ದರ್ಜೆ ಕೊಡುತ್ತಾರೆ. ಟಿ1 ಎಂದರೆ ಮೇಲ್ಮೈ 450 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲ ಎಂದರ್ಥ. ಟಿ2 ಎಂದರೆ 300, ಟಿ3 200, ಟಿ4 135, ಟಿ5 100, ಟಿ6 85 ಡಿಗ್ರಿ. ಸಂಖ್ಯೆ ದೊಡ್ಡದಾದಂತೆ ಉಪಕರಣ ತಣ್ಣಗಿರುತ್ತದೆ, ತಲೆಕೆಳಗಾಗಿ ತಿಳಿಯಬಾರದು. ಪೆಟ್ರೋಲಿಗೆ ಟಿ3 ಸಾಕು, ಈಥರಿಗೆ ಟಿ4 ಬೇಕು.

ಸ್ವಿಚ್ಚಿಗಿಂತ ಟ್ರಾನ್ಸ್‌ಫಾರ್ಮರ್ ಬೇರೆಯಾಗುವುದು ಇಲ್ಲಿಯೇ. ಸ್ವಿಚ್ ಒಂದು ಕ್ಷಣ ಕಿಡಿ ಕೊಟ್ಟು ಸುಮ್ಮನಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹಗಲು ರಾತ್ರಿ ಶಾಖ ಬಿಡುತ್ತಲೇ ಇರುತ್ತದೆ. ಲೋಡ್ ಇಲ್ಲದಿದ್ದರೂ ಅದರ ಕಬ್ಬಿಣದ ತಿರುಳು ಬಿಸಿಯಾಗುತ್ತದೆ. ಒಂದು ಲೆಕ್ಕ ನೋಡಿ. 2 ಕೆವಿಎ ಸಾಮರ್ಥ್ಯದ ಸಣ್ಣ ಟ್ರಾನ್ಸ್‌ಫಾರ್ಮರ್ ಶೇ. 95ರಷ್ಟು ದಕ್ಷತೆಯಿಂದ ಕೆಲಸ ಮಾಡಿದರೂ ಸುಮಾರು 100 ವಾಟ್ ಶಾಖವಾಗಿ ಹೋಗುತ್ತದೆ. ಹಳೆಯ ಕಾಲದ 100 ವಾಟ್ ಬಲ್ಬನ್ನು ಟ್ರಂಕಿನೊಳಗೆ ಇಟ್ಟು ಮುಚ್ಚಳ ಹಾಕಿ ದಿನವಿಡೀ ಉರಿಸಿದ ಹಾಗೆ. ಬಯಲಿನಲ್ಲಿ ತಣ್ಣಗಿದ್ದ ಟ್ರಾನ್ಸ್‌ಫಾರ್ಮರ್ ಮುಚ್ಚಿದ ಪೆಟ್ಟಿಗೆಯಲ್ಲಿ ಹಾಗಿರುವುದಿಲ್ಲ. ಆದ್ದರಿಂದ ಪೆಟ್ಟಿಗೆಯೊಳಗೆ ಇಡುವಾಗ ಅದರ ಸಾಮರ್ಥ್ಯವನ್ನು ಇಳಿಸಿ ಲೆಕ್ಕ ಹಾಕಬೇಕು.

ಇದರಿಂದ ಬರುವ ನಿಯಮ ಒಂದಿದೆ. ಖಾಲಿ ಫ್ಲೇಮ್‌ಪ್ರೂಫ್ ಪೆಟ್ಟಿಗೆ ತಂದು, ಅಂಗಡಿಯಲ್ಲಿ ಸಿಕ್ಕ ಯಾವುದೋ ಟ್ರಾನ್ಸ್‌ಫಾರ್ಮರ್ ಒಳಗೆ ಕೂರಿಸಿದರೆ ಅದು ಪ್ರಮಾಣೀಕೃತ ಉಪಕರಣವಾಗುವುದಿಲ್ಲ. ಒಳಗೆ ಏನಿರಬೇಕು, ಎಷ್ಟು ವಾಟ್ ಶಾಖದವರೆಗೆ ಎಂಬುದು ಸೇರಿ ಪರೀಕ್ಷೆ ಆಗಿರಬೇಕು. ನಾಳೆ ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಬದಲಿಸುವಾಗಲೂ ಅದೇ ಮಾದರಿ ಹಾಕಬೇಕು. ಸ್ವಲ್ಪ ದೊಡ್ಡದು ಹಾಕಿದರೆ ಒಳ್ಳೆಯದೇ ಎಂಬ ಮನೆಯ ಲೆಕ್ಕ ಇಲ್ಲಿ ನಡೆಯದು. ಓವರ್‌ಲೋಡ್ ಆದಾಗ ಕಡಿತಗೊಳಿಸುವ ಫ್ಯೂಸ್ ಅಥವಾ ಬ್ರೇಕರ್, ಸುರುಳಿ ಬಿಸಿಯಾದಾಗ ಕಡಿಯುವ ಥರ್ಮಲ್ ಕಟ್‌ಔಟ್ ಇವೆಯೇ ಎಂದು ನೋಡಬೇಕು.

ಸುತ್ತಲಿನ ತಾಪಮಾನವನ್ನೂ ಗಮನಿಸಿ. ಫಲಕದ ಮೇಲೆ ಬೇರೆ ಏನೂ ಬರೆದಿಲ್ಲದಿದ್ದರೆ ಆ ಉಪಕರಣ 40 ಡಿಗ್ರಿವರೆಗಿನ ವಾತಾವರಣಕ್ಕೆ ಮಾತ್ರ. ಬೇಸಿಗೆಯಲ್ಲಿ ತಗಡಿನ ಛಾವಣಿಯ ಕೆಳಗೆ, ಬಾಯ್ಲರ್ ಪಕ್ಕದಲ್ಲಿ 40 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಅಂಥ ಜಾಗಕ್ಕಾದರೆ ಕೊಳ್ಳುವಾಗಲೇ 50 ಅಥವಾ 55 ಡಿಗ್ರಿ ಎಂದು ಬರೆದು ಕೇಳಬೇಕು.

ಎಣ್ಣೆಯದೋ ಒಣದೋ?

ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಎಣ್ಣೆ ತುಂಬಿದ್ದು, ಎಣ್ಣೆ ಇಲ್ಲದ ಡ್ರೈ ಟೈಪ್ ಎಂಬ ಎರಡು ಬಗೆ. ಎಣ್ಣೆ ತಂಪು ಮಾಡುತ್ತದೆ, ಆದರೆ ಅದೇ ಇಂಧನವೂ ಹೌದು. ಸಾಮಾನ್ಯ ಖನಿಜ ಎಣ್ಣೆ ಸುಮಾರು 140 ಡಿಗ್ರಿಯ ಹೊತ್ತಿಗೆ ಹೊತ್ತುವ ಆವಿ ಬಿಡತೊಡಗುತ್ತದೆ. ಒಳಗೆ ಶಾರ್ಟ್ ಸರ್ಕ್ಯೂಟ್ ಆದರೆ ಎಣ್ಣೆ ಒಡೆದು ಅನಿಲವಾಗಿ ಟ್ಯಾಂಕ್ ಸಿಡಿಯಬಹುದು. 2022ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಸಿಡಿದು, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಂದೆ ಮತ್ತು ಮಗಳು ಸುಟ್ಟ ಗಾಯಗಳಿಂದ ತೀರಿಕೊಂಡದ್ದನ್ನು ನೀವು ಓದಿರಬಹುದು. ಅಲ್ಲಿ ದ್ರಾವಕ ಇರಲಿಲ್ಲ, ಕಾರ್ಖಾನೆ ಇರಲಿಲ್ಲ. ಈಗ ಸಸ್ಯಜನ್ಯ ಎಸ್ಟರ್ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರುಗಳು ಬಂದಿವೆ. ಅವುಗಳ ಎಣ್ಣೆ ಉರಿಯಬೇಕಾದರೆ 300 ಡಿಗ್ರಿ ದಾಟಬೇಕು. ಬೆಲೆ ಹೆಚ್ಚು, ಬೆಂಕಿಯ ಭಯ ಕಡಿಮೆ.

ಹಾಗಾದರೆ ಎಣ್ಣೆಯೇ ಇಲ್ಲದ ಡ್ರೈ ಟೈಪ್ ಸ್ಫೋಟದ ವಲಯಕ್ಕೆ ಸುರಕ್ಷಿತವೇ? ಅಲ್ಲ. ಅದರಲ್ಲಿ ಎಣ್ಣೆಯ ಬೆಂಕಿ ಇಲ್ಲ ನಿಜ, ಆದರೆ ಅದು ತೆರೆದ ಗಾಳಿಯಿಂದ ತಣ್ಣಗಾಗುವ ಯಂತ್ರ. ಅದರ ಎಫ್ ದರ್ಜೆಯ ನಿರೋಧಕ 155 ಡಿಗ್ರಿವರೆಗೆ, ಎಚ್ ದರ್ಜೆಯದು 180 ಡಿಗ್ರಿವರೆಗೆ ತಾಳುವಂತೆ ಮಾಡಿದ್ದು. ಟಿ4ರ ಮಿತಿ 135 ಎಂಬುದನ್ನು ಈಗ ತಾನೇ ಹೇಳಿದೆ. ಎಂದರೆ ತನ್ನ ಲೆಕ್ಕದಲ್ಲಿ ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರ್ ಆವಿಯ ಲೆಕ್ಕದಲ್ಲಿ ಅಪಾಯಕಾರಿ ಆಗಬಹುದು. 'ಬೆಂಕಿಗೆ ಸುರಕ್ಷಿತ', 'ಸ್ಫೋಟಕ್ಕೆ ಸುರಕ್ಷಿತ' ಇವೆರಡೂ ಬೇರೆ ಬೇರೆ ಮಾತುಗಳು.

ಪೆಟ್ಟಿಗೆಗಳ ಬಗೆ

ಫ್ಲೇಮ್‌ಪ್ರೂಫ್ ಒಂದೇ ಬಗೆಯಲ್ಲ. ಫಲಕದಲ್ಲಿ 'ಎಕ್ಸ್' ಎಂಬ ಗುರುತಿನ ಮುಂದೆ ಬರುವ ಸಣ್ಣ ಅಕ್ಷರ ಬಗೆಯನ್ನು ಹೇಳುತ್ತದೆ. 'ಡಿ' ಎಂದರೆ ಈಗ ವಿವರಿಸಿದ ಫ್ಲೇಮ್‌ಪ್ರೂಫ್. 'ಇ' ಎಂದರೆ ಒಳಗೆ ಕಿಡಿಯೇ ಹುಟ್ಟದಂತೆ, ಅತಿಯಾಗಿ ಕಾಯದಂತೆ ಹೆಚ್ಚಿನ ಎಚ್ಚರದಿಂದ ಮಾಡಿದ್ದು; ಟರ್ಮಿನಲ್ ಬಾಕ್ಸುಗಳಿಗೆ ಇದು ಸಾಮಾನ್ಯ. 'ಎಂ' ಎಂದರೆ ರಾಳದಲ್ಲಿ ಹುದುಗಿಸಿದ್ದು. ಸಣ್ಣ ಟ್ರಾನ್ಸ್‌ಫಾರ್ಮರುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಲಾಗದು. 'ಪಿ' ಎಂದರೆ ಪೆಟ್ಟಿಗೆಯೊಳಗೆ ಶುದ್ಧ ಗಾಳಿಯನ್ನು ಒತ್ತಿ ತುಂಬಿ ಆವಿ ಬಾರದಂತೆ ತಡೆಯುವುದು. ದೊಡ್ಡ ಪ್ಯಾನೆಲ್‌ಗಳಿಗೆ ಅನುಕೂಲ, ಆದರೆ ಗಾಳಿ ನಿಂತರೆ ಎಚ್ಚರಿಸುವ ಅಥವಾ ಕರೆಂಟು ಕಡಿಯುವ ವ್ಯವಸ್ಥೆ ಇರಲೇಬೇಕು.

ಅಂಗಡಿಯವರು "ಐಪಿ65 ಇದೆ ಸಾರ್, ನೀರೂ ಹೋಗಲ್ಲ, ಧೂಳೂ ಹೋಗಲ್ಲ" ಎನ್ನುತ್ತಾರೆ. ಸುಳ್ಳಲ್ಲ. ಆದರೆ ಐಪಿ ಅಂಕಿ ನೀರು, ಧೂಳಿನ ಮಾತು ಮಾತ್ರ. ಸ್ಫೋಟದ ಒತ್ತಡ ತಡೆಯುವ ಮಾತು ಅದರಲ್ಲಿಲ್ಲ. ಮಳೆಗೆ ಛತ್ರಿ ಒಳ್ಳೆಯದು, ಕಲ್ಲಿನೇಟಿಗೆ ಅದನ್ನು ಹಿಡಿಯುವವರಿಲ್ಲ.

ಪುಡಿಯ ವಿಷಯ ಬೇರೆ. ಹಿಟ್ಟು, ಸಕ್ಕರೆ, ಮರದ ಪುಡಿ ಗಾಳಿಯಲ್ಲಿ ದಟ್ಟವಾಗಿ ಎದ್ದರೆ ಅನಿಲದಂತೆಯೇ ಸಿಡಿಯುತ್ತವೆ. ಚನ್ನಪಟ್ಟಣದಲ್ಲಿ ಮನೆಯಲ್ಲೇ ಲೇತ್ ಇಟ್ಟು ಗೊಂಬೆ ಮಾಡುವವರು ಹೆದರಬೇಕಾಗಿಲ್ಲ, ಅಲ್ಲಿ ಅಷ್ಟು ಪುಡಿ ಗಾಳಿಯಲ್ಲಿ ನಿಲ್ಲುವುದಿಲ್ಲ. ಆದರೆ ಮೋಟಾರು, ಟ್ರಾನ್ಸ್‌ಫಾರ್ಮರ್ ಮೇಲೆ ಕೂತ ಪುಡಿಯನ್ನು ಅವರೂ ಒರೆಸಬೇಕು. ಪುಡಿಯ ಪದರ ಕಂಬಳಿ ಹೊದಿಸಿದಂತೆ. ಒಳಗಿನ ಶಾಖ ಹೊರಹೋಗದೆ ಪದರವೇ ಹೊಗೆಯಾಡತೊಡಗುತ್ತದೆ. ಪುಡಿ ಇರುವ ಕಡೆ 5 ಮಿಲಿಮೀಟರ್ ಪದರ ಹೊಗೆಯಾಡುವ ತಾಪಮಾನಕ್ಕಿಂತ ಉಪಕರಣದ ಮೇಲ್ಮೈ ಕನಿಷ್ಠ 75 ಡಿಗ್ರಿ ಕೆಳಗಿರಬೇಕು ಎಂಬುದು ನಿಯಮ. ಇಲ್ಲಿ ಬೇಕಾದುದು 'ಟಿ' ಅಕ್ಷರದ, ಧೂಳು ಒಳನುಗ್ಗದ ಪೆಟ್ಟಿಗೆ.

2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸಕ್ಕರೆ ಪುಡಿ ಸಿಡಿದು 14 ಜನ ಸತ್ತರು. ಸಕ್ಕರೆಗೆ ಕಸ ಬೀಳದಿರಲೆಂದು ಸಾಗಣೆಯ ಬೆಲ್ಟಿಗೆ ಸುತ್ತಲೂ ತಗಡಿನ ಮುಚ್ಚಿಗೆ ಹಾಕಿಸಿದ್ದರು. ಪುಡಿ ಹೊರಹೋಗುವ ದಾರಿ ಮುಚ್ಚಿ ಒಳಗೇ ದಟ್ಟವಾಯಿತು. ಕಾದ ಬೇರಿಂಗ್ ಒಂದರಿಂದ ಅದು ಹೊತ್ತಿರಬಹುದು ಎಂದು ತನಿಖೆ ಹೇಳಿತು. ಒಳ್ಳೆಯ ಉದ್ದೇಶದಿಂದ ಹಾಕಿದ ಮುಚ್ಚಿಗೆಯೂ ಅಪಾಯ ತರಬಹುದು. ಯಾವ ಅಪಾಯಕ್ಕೆ ಯಾವ ಪೆಟ್ಟಿಗೆ ಎಂದು ಕೇಳಿಕೊಳ್ಳದೆ ಮುಚ್ಚಬಾರದು.

ಫಲಕವನ್ನು ಓದೋಣ

ಈಗ ಹುಡುಗ ತೋರಿಸಿದ ಫಲಕವನ್ನು ಓದಬಹುದು. ಅದರ ಮೇಲಿದ್ದದ್ದು 'ಎಕ್ಸ್ ಡಿ ಟೂ-ಬಿ ಟಿ4 ಜಿಬಿ'. ವ್ಯಾಕರಣದಲ್ಲಿ ವಾಕ್ಯವನ್ನು ಬಿಡಿಸುತ್ತೇವಲ್ಲ, ಹಾಗೆ ಬಿಡಿಸಿ. 'ಎಕ್ಸ್' ಎಂದರೆ ಸ್ಫೋಟದ ವಾತಾವರಣಕ್ಕೆ ಮಾಡಿದ್ದು. 'ಡಿ' ಎಂದರೆ ಫ್ಲೇಮ್‌ಪ್ರೂಫ್. 'ಟೂ-ಬಿ' ಎಂದರೆ ಎ ಮತ್ತು ಬಿ ಗುಂಪಿನ ಅನಿಲಕ್ಕೆ ಆಗುತ್ತದೆ, ಜಲಜನಕಕ್ಕೆ ಇಲ್ಲ. 'ಟಿ4' ಎಂದರೆ 135 ಡಿಗ್ರಿ ಮೀರದು. 'ಜಿಬಿ' ಎಂದರೆ ವಲಯ 1ರಲ್ಲೂ 2ರಲ್ಲೂ ಇಡಬಹುದು. 'ಜಿಎ' ಇದ್ದರೆ ವಲಯ 0ಗೂ ಸಲ್ಲುತ್ತದೆ, 'ಜಿಸಿ' ಇದ್ದರೆ ವಲಯ 2 ಮಾತ್ರ. ಕೆಳಗೆ ಪ್ರಮಾಣಪತ್ರದ ಸಂಖ್ಯೆ ಇರುತ್ತದೆ. ನಮ್ಮ ದೇಶದಲ್ಲಿ ಇಂಥ ಉಪಕರಣಗಳಿಗೆ ಐಎಸ್/ಐಇಸಿ 60079 ಎಂಬ ಮಾನಕಗಳ ಸರಣಿ ಇದೆ. ಧನಬಾದಿನ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆ ಇಂಥ ಪರೀಕ್ಷೆಗಳಿಗೆ ಹೆಸರಾದುದು. ಪೆಟ್ರೋಲಿಯಂ ಇರುವ ಕಡೆ ಬಳಸುವ ಉಪಕರಣಕ್ಕೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆಯ ಅನುಮೋದನೆ ಬೇಕು. ಫಲಕದ ಸಂಖ್ಯೆ, ಪ್ರಮಾಣಪತ್ರದ ಸಂಖ್ಯೆ, ಬಿಲ್ಲಿನ ಮಾದರಿ ಮೂರೂ ಒಂದೇ ಆಗಿದೆಯೇ ಎಂದು ನೋಡಲು ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಕೊಂಡ ಮೇಲೆ

ಇನ್ನು ತೂತಿನ ಮಾತು. ಸರಿಯಾದ ಪೆಟ್ಟಿಗೆ ಕೊಂಡರು, ಸರಿಯಾದ ಜಾಗದಲ್ಲಿ ಇಟ್ಟರು, ಆಮೇಲೆ ಅದನ್ನು ಕೆಡಿಸುವುದು ನಮ್ಮ ಕೈ. ಮಿಲಿಮೀಟರಿನ ಭಾಗದಲ್ಲಿ ಅಳೆದು ಮಾಡಿದ ಸಂದಿ ಎಂದೆನಲ್ಲವೇ? ಕೈ ಡ್ರಿಲ್ಲಿನಿಂದ ಕೊರೆದ ತೂತಿನಲ್ಲಿ ಆ ಅಳತೆ ಎಲ್ಲಿದೆ? ಒಳಗೆ ಸ್ಫೋಟವಾದರೆ ಜ್ವಾಲೆ ನೇರ ಆ ತೂತಿನಿಂದ ಡ್ರಮ್ಮಿನ ಕಡೆಗೆ ಬರುತ್ತದೆ. ಆದ್ದರಿಂದಲೇ ಆ ಗಲಾಟೆ.

ಅದೇ ಕಾರಣಕ್ಕೆ ಈ ಮಾತುಗಳನ್ನು ನೆನಪಿಡಿ. ಮುಚ್ಚಳದ ಎಲ್ಲ ಬೋಲ್ಟುಗಳೂ ಇರಬೇಕು. ಹನ್ನೆರಡರಲ್ಲಿ ಒಂದು ಕಳೆದರೂ ಪೆಟ್ಟಿಗೆ ಫ್ಲೇಮ್‌ಪ್ರೂಫ್ ಅಲ್ಲ. ಬದಲಿಗೆ ಕೈಗೆ ಸಿಕ್ಕ ಬೋಲ್ಟ್ ಹಾಕುವುದೂ ಸಲ್ಲ. ಸಂದಿಯ ನುಣುಪಾದ ಅಂಚಿಗೆ ಬಣ್ಣ ಬಳಿಯಬಾರದು, ಸ್ಕ್ರೂಡ್ರೈವರಿನಿಂದ ಮೀಟಬಾರದು, ತಯಾರಕರು ಹೇಳದ ರಬ್ಬರ್ ಪಟ್ಟಿ ಸೇರಿಸಬಾರದು. ಕೇಬಲಿಗೆ ಅದೇ ಬಗೆಯ ಪ್ರಮಾಣೀಕೃತ ಗ್ಲ್ಯಾಂಡ್, ಬಳಸದ ತೂತಿಗೆ ಪ್ರಮಾಣೀಕೃತ ಪ್ಲಗ್. ಪೆಟ್ಟಿಗೆಯ ಸಂದಿಗೆ ಎದುರಾಗಿ ಗೋಡೆ, ಪೈಪು ಇರಬಾರದು: ಟೂ-ಎಗೆ 10, ಟೂ-ಬಿಗೆ 30, ಟೂ-ಸಿಗೆ 40 ಮಿಲಿಮೀಟರ್ ಅಂತರ ಬೇಕು. ಕರೆಂಟು ಇರುವಾಗ ಮುಚ್ಚಳ ತೆಗೆಯಬಾರದು. ತೆಗೆದ ಮೇಲೂ ಎಷ್ಟು ಹೊತ್ತು ಕಾಯಬೇಕೆಂದು ಫಲಕದಲ್ಲಿದ್ದರೆ ಅಷ್ಟು ಕಾಯಬೇಕು. ಒಳಗಿನ ಬಿಸಿ ಸುರುಳಿ ಸ್ವಿಚ್ಚಿನ ಮಾತು ಕೇಳಿ ತಕ್ಷಣ ತಣ್ಣಗಾಗುವುದಿಲ್ಲ.

ಟ್ಯಾಂಕಿನೊಳಗೆ ಇಳಿಯುವವರಿಗೆ ಇನ್ನೊಂದು ಮಾತು. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ, ಇಕ್ಕಟ್ಟಾದ ಜಾಗದೊಳಗೆ ತಕ್ಕ ರಕ್ಷಣೆ ಇಲ್ಲದೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದು, ಉರಿಯುವ ಆವಿ ಇರಬಹುದಾದರೆ ಫ್ಲೇಮ್‌ಪ್ರೂಫ್ ದೀಪವೇ ಬೇಕು ಎಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಆ ಎಚ್ಚರಿಕೆಯ ಬೆಲೆ ಕಡಿಮೆಯಾಗಿಲ್ಲ. 24 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳೂ ಪ್ರತ್ಯೇಕವಾಗಿರಬೇಕು, ಮತ್ತು ಅದು ಟ್ಯಾಂಕಿನ ಹೊರಗೇ ಇರಬೇಕು. ದೀಪದ ಜೊತೆ ಅದನ್ನೂ ಒಳಗೆ ಎಳೆದುಕೊಂಡು ಹೋದರೆ 230 ವೋಲ್ಟ್ ನಿಮ್ಮ ಕಾಲ ಬಳಿಗೇ ಬಂದಂತಾಯಿತು.

ಕೊನೆಯ ಮಾತು

ಪೋಷಕರೇ, ಈ ಹುಡುಗನ ತಾಯಿ ಒಮ್ಮೆ ನನ್ನನ್ನು ಕೇಳಿದರು: "ಮಾಸ್ಟರ್ ಸಾಬ್, ಹೇಳಿದ ಕೆಲಸ ಮಾಡಲ್ಲ ಅಂದರೆ ನಾಳೆಯಿಂದ ಬರಬೇಡ ಅಂತಾರೆ. ಆಗ ಮನೆ ಹೇಗೆ ನಡೆಯಬೇಕು?" ಈ ಪ್ರಶ್ನೆಗೆ ಸುಲಭ ಉತ್ತರ ನನ್ನಲ್ಲಿಲ್ಲ. ತೂತು ಕೊರೆಯಲು ಹೇಳಿದವರ ಜವಾಬ್ದಾರಿಯನ್ನು ಹತ್ತೊಂಬತ್ತು ವರ್ಷದ ಹೆಲ್ಪರ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಸ್ಥಳದ ನಕ್ಷೆ ಮಾಡಿಸುವುದು, ಸರಿಯಾದ ಪೆಟ್ಟಿಗೆ ಕೊಳ್ಳುವುದು, ತರಬೇತಿ ಕೊಡುವುದು ಮಾಲೀಕರ ಮತ್ತು ಎಂಜಿನಿಯರುಗಳ ಕರ್ತವ್ಯ.

ಆದರೆ ಒಂದು ವ್ಯತ್ಯಾಸವನ್ನು ನಾನು ಕಂಡಿದ್ದೇನೆ. "ನನಗೆ ಭಯ, ಮಾಡಲ್ಲ" ಎಂದವನನ್ನು ಗದರಿಸುತ್ತಾರೆ. "ಸಾರ್, ಇದು ಎಕ್ಸ್ ಡಿ ಪೆಟ್ಟಿಗೆ, ಕೊರೆದರೆ ಸರ್ಟಿಫಿಕೇಟ್ ಹೋಗುತ್ತೆ, ಇನ್ನೊಂದು ಎಂಟ್ರಿ ಇರುವ ಪೆಟ್ಟಿಗೆ ತರಿಸಬೇಕು" ಎಂದವನ ಮಾತನ್ನು ನಿಂತು ಕೇಳುತ್ತಾರೆ. ಈ ಹುಡುಗ ಈಗ ಬೇರೆ ಕಡೆ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, ಹೊಸ ಪೆಟ್ಟಿಗೆಯ ಫಲಕವನ್ನು ಅವನೇ ನನಗೆ ಓದಿ ಹೇಳಿದ. ಒಂದು ಕಡೆ ಟೂ-ಎ ಎಂದಿತ್ತಂತೆ, ಪಕ್ಕದಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಾರಂತೆ. ಸೂಪರ್‌ವೈಸರಿಗೆ ತೋರಿಸಿದ್ದಾನೆ, ಅವರು ಎಂಜಿನಿಯರಿಗೆ ಬರೆದಿದ್ದಾರೆ. ಪೆಟ್ಟಿಗೆ ಇನ್ನೂ ಬದಲಾಗಿಲ್ಲ. ವಾರಕ್ಕೊಮ್ಮೆ ಕೇಳುತ್ತಿರು ಎಂದು ಹೇಳಿದ್ದೇನೆ.

ವಿದ್ಯಾರ್ಥಿಗಳೇ, ನಾಳೆ ನೀವು ಯಾವುದೇ ಕಾರ್ಖಾನೆಗೆ ಸೇರಿದರೂ ಮೊದಲ ದಿನ ಮೂರು ಪ್ರಶ್ನೆ ಕೇಳಿ: ಇಲ್ಲಿ ಉರಿಯುವ ವಸ್ತು ಯಾವುದು? ಈ ಜಾಗ ಯಾವ ವಲಯ? ಈ ಪೆಟ್ಟಿಗೆಯ ಫಲಕದಲ್ಲಿ ಏನು ಬರೆದಿದೆ? ಉತ್ತರ ಬಾರದಿದ್ದರೆ ಮತ್ತೆ ಕೇಳಿ. ಈ ಲೇಖನದ ಪುಟವನ್ನು ಕತ್ತರಿಸಿ ನಿಮ್ಮ ಟೂಲ್ ಬ್ಯಾಗಿನಲ್ಲಿಟ್ಟುಕೊಂಡರೆ ನನಗೆ ಸಂತೋಷ.